ಕಥೆ ಹೇಳುವ ಹಕ್ಕು, ಕೇಳುವ ಹಸಿವು

ಪ್ರಶ್ನೆ: ಮೂಲನಿವಾಸಿ ಸಮುದಾಯಗಳ ಜನಪದ ಕಥೆಗಳನ್ನು ಓದಿ ಹೇಳಿದರೆ ಮಕ್ಕಳು ಬೇಗ ಬೇಸರಗೊಳ್ಳುತ್ತಾರೆ, ಹದಿಹರೆಯದವರಂತೂ ಹತ್ತಿರ ಸುಳಿಯುವುದಿಲ್ಲ. ಏನು ಮಾಡಬೇಕು?

ಉತ್ತರ: ಈ ಕಥೆಗಳು ಬೆಳೆದದ್ದು ದನಿ, ಹಾಡು, ಕುಣಿತ ಮತ್ತು ಕೈಕೆಲಸಗಳ ಒಡನಾಟದಲ್ಲಿ; ಪುಟದ ಮೇಲಿನ ಅಕ್ಷರವಾಗಿ ಮಾತ್ರ ಎದುರಾದಾಗ ಅವು ಮಕ್ಕಳಿಗೆ ಸಪ್ಪೆ ಎನಿಸುವುದು ಸಹಜ. ಉತ್ತರ ಅಮೆರಿಕದ ನವಾಹೊ ಜನರಲ್ಲಿ ಬೆರಳುಗಳ ನಡುವೆ ದಾರ ಸುತ್ತಿ ಆಕೃತಿಗಳನ್ನು ಕಟ್ಟುವ ಆಟವೊಂದಿದ್ದು, ಅದರ ಜೊತೆಗೆ ಕಥೆಯೂ ಮಕ್ಕಳಿಗೆ ದಾಟುತ್ತದೆ. ಆದರೆ ಸಂಪ್ರದಾಯದ ಪ್ರಕಾರ ಆ ಆಟ ಚಳಿಗಾಲಕ್ಕೆ ಮಾತ್ರ ಮೀಸಲು. ಇಂತಹ ಕಟ್ಟುಪಾಡುಗಳನ್ನು ಅಡ್ಡಿಯೆಂದು ಬದಿಗೊತ್ತದೆ ಮಕ್ಕಳಿಗೆ ವಿವರಿಸಿ. ಕಾಯುವಿಕೆಯೇ ಕುತೂಹಲವನ್ನು ಬೆಳೆಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಚಿಕ್ಕವರಿಗೆ ಗೊಂಬೆ, ಬಣ್ಣ, ಅಭಿನಯ ಸಾಕು. ಹದಿಹರೆಯದವರಿಗೆ ಹೊಣೆಗಾರಿಕೆ ಬೇಕು: ಹಿರಿಯರ ದನಿಯನ್ನು ಧ್ವನಿಮುದ್ರಿಸುವುದು, ಕೇಳಿದ ಕಥೆಯನ್ನು ಚಿತ್ರಕಥೆಯಾಗಿಯೋ ಕಿರುನಾಟಕವಾಗಿಯೋ ರೂಪಿಸಿ ಅದನ್ನು ಮೊದಲು ಆ ಹಿರಿಯರಿಗೇ ತೋರಿಸುವುದು. ತಮ್ಮ ಮೌಖಿಕ ಪರಂಪರೆ, ವಿನ್ಯಾಸ ಮತ್ತು ಪ್ರದರ್ಶನ ಕಲೆಗಳ ಮೇಲಿನ ನಿಯಂತ್ರಣ ಮೂಲನಿವಾಸಿಗಳ ಹಕ್ಕೆಂದು ವಿಶ್ವಸಂಸ್ಥೆಯ 2007ರ ಘೋಷಣೆಯ 31ನೇ ವಿಧಿ ಹೇಳುತ್ತದೆ. ಆದ್ದರಿಂದ ಪವಿತ್ರವೆಂದು ಭಾವಿಸುವ ಮುಖವಾಡ, ಹಾಡುಗಳನ್ನು ಅನುಮತಿಯಿಲ್ಲದೆ ಅನುಕರಿಸಲು ಬಿಡಬೇಡಿ. ಸಾಧ್ಯವಾದಲ್ಲೆಲ್ಲ ಆ ಸಮುದಾಯದ ಕಲಾವಿದರನ್ನೇ ಸೂಕ್ತ ಸಂಭಾವನೆ ಕೊಟ್ಟು ಕರೆಸಿ.