ಕ್ಲೌಡ್‌ನಲ್ಲಿಟ್ಟ ಫೋಲ್ಡರ್ ಕಾಣೆಯಾಗಿದೆ, ಸಪೋರ್ಟ್‌ನವರು ಅದೇ ಸಿದ್ಧ ಉತ್ತರ ಕಳಿಸುತ್ತಿದ್ದಾರೆ. ಏನು ಮಾಡಲಿ?

ಮೂರು ವರ್ಷದ ಕೆಲಸ ಇಟ್ಟಿದ್ದ ಫೋಲ್ಡರ್ ಕ್ಲೌಡ್‌ನಲ್ಲೂ ಇಲ್ಲ, ಲ್ಯಾಪ್‌ಟಾಪ್‌ನಲ್ಲೂ ಇಲ್ಲ; ಸಪೋರ್ಟ್‌ಗೆ ಎಷ್ಟು ಸಲ ಬರೆದರೂ "ಟ್ರ್ಯಾಶ್ ನೋಡಿ, ಲಾಗ್ ಔಟ್ ಆಗಿ ಮತ್ತೆ ಲಾಗಿನ್ ಆಗಿ" ಅನ್ನುವ ಅದೇ ಉತ್ತರ; ಅಲ್ಲಿ ಮನುಷ್ಯರು ಯಾರಾದರೂ ಇದ್ದಾರಾ ಅಂತ ಕೇಳಿದ್ದೀರಿ. ಇದ್ದಾರೆ. ಇಂಥದ್ದೇ ಒಂದು ಸೇವೆಯ ಸಪೋರ್ಟ್‌ನಲ್ಲಿ ನಾನೂ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆದರೆ ಅವರ ಗಮನ ಸೆಳೆಯುವ ಮೊದಲು ನೀವು ಮಾಡಬೇಕಾದ ಒಂದು ಅವಸರದ ಕೆಲಸ ಇದೆ.

ಈ ಅಕೌಂಟ್ ಇರುವ ಎಲ್ಲ ಕಂಪ್ಯೂಟರ್, ಫೋನ್‌ಗಳಲ್ಲೂ ಸಿಂಕ್ (ಒಂದು ಕಡೆ ಆದ ಬದಲಾವಣೆಯನ್ನು ಎಲ್ಲ ಕಡೆಗೂ ಮುಟ್ಟಿಸುವ ಕೆಲಸ) ನಿಲ್ಲಿಸಿ. ನಿಲ್ಲಿಸಿ ಅಷ್ಟೆ, ಲಾಗ್ ಔಟ್ ಆಗಬೇಡಿ, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ. ಸಪೋರ್ಟ್‌ನವರೇ ಹೇಳಿದ್ದರೂ ಈಗಲೇ ಬೇಡ. ಕ್ಲೌಡ್‌ಗೆ ಇನ್ನೂ ಹೋಗಿರದ ಫೈಲ್‌ಗಳನ್ನು ಕೆಲವು ಆ್ಯಪ್‌ಗಳು ನಿಮ್ಮ ಡಿಸ್ಕ್‌ನಲ್ಲೇ, ಸುಲಭಕ್ಕೆ ಕಣ್ಣಿಗೆ ಬೀಳದ ತಮ್ಮದೊಂದು ಫೋಲ್ಡರ್‌ನಲ್ಲಿ ಇಟ್ಟುಕೊಂಡಿರುತ್ತವೆ. ಅಕೌಂಟ್ ತೆಗೆದರೆ ಅದೂ ಹೋಗಬಹುದು. 2023ರ ನವೆಂಬರ್‌ನಲ್ಲಿ ಗೂಗಲ್ ಡ್ರೈವ್‌ನ ಡೆಸ್ಕ್‌ಟಾಪ್ ಆ್ಯಪ್‌ನ 84ನೇ ಆವೃತ್ತಿ ಬಳಸುತ್ತಿದ್ದ ಕೆಲವರ ಫೈಲ್‌ಗಳು ಹೀಗೇ ಕಾಣೆಯಾಗಿದ್ದವು. ಆಗ ಗೂಗಲ್ ಕೊಟ್ಟ ಮೊದಲ ಸೂಚನೆಯೇ ಇದು: ಆ್ಯಪ್‌ನಿಂದ ಅಕೌಂಟ್ ಡಿಸ್‌ಕನೆಕ್ಟ್ ಮಾಡಬೇಡಿ, ಆ್ಯಪ್‌ನ ಡೇಟಾ ಫೋಲ್ಡರ್ ಮುಟ್ಟಬೇಡಿ. ಫೈಲ್ ವಾಪಸ್ ತರುವ ಸೌಲಭ್ಯವನ್ನು ಆ್ಯಪ್‌ನಲ್ಲಿ ಸೇರಿಸಿದ್ದು ಆಮೇಲೆ. ಹಾಗಾಗಿ ನಿಮಗೆ ಬಂದ ಸಿದ್ಧ ಉತ್ತರದಲ್ಲಿ "ಟ್ರ್ಯಾಶ್ ನೋಡಿ" ಅನ್ನುವ ಅರ್ಧವನ್ನು ಪಾಲಿಸಿ, ಉಳಿದರ್ಧವನ್ನು ಸದ್ಯಕ್ಕೆ ಬಿಡಿ. ಟ್ರ್ಯಾಶನ್ನೂ ಫೋನಿನಲ್ಲಿ ನೋಡಬೇಡಿ, ಬ್ರೌಸರ್‌ನಲ್ಲಿ ನೋಡಿ. ಫೋನಿನ ಆ್ಯಪ್ ಹಳೆಯ ಪಟ್ಟಿಯನ್ನೇ ತೋರಿಸುತ್ತಾ ಕೂತಿರುವುದುಂಟು.

ಇನ್ನೊಂದು ವಿಷಯ ದಿನಗಳ ಲೆಕ್ಕ. ಅಳಿಸಿದ ಫೈಲನ್ನು ಯಾವ ಸೇವೆಯೂ ಕೊನೆಯವರೆಗೆ ಇಟ್ಟುಕೊಳ್ಳುವುದಿಲ್ಲ. ಗೂಗಲ್ ಡ್ರೈವ್‌ನ ಟ್ರ್ಯಾಶ್ 30 ದಿನಕ್ಕೆ ಖಾಲಿಯಾಗುತ್ತದೆ. ಒನ್‌ಡ್ರೈವ್‌ನಲ್ಲಿ ಸ್ವಂತ ಅಕೌಂಟಿಗೆ 30 ದಿನ, ಕಂಪನಿ ಅಥವಾ ಶಾಲೆಯ ಅಕೌಂಟಿಗೆ ಸಾಮಾನ್ಯವಾಗಿ 93 ದಿನ. ಡ್ರಾಪ್‌ಬಾಕ್ಸ್‌ನ ಸಾಧಾರಣ ಪ್ಲಾನ್‌ಗಳಲ್ಲಿ 30, ಮೇಲಿನ ಕೆಲವದರಲ್ಲಿ 180. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರಗಳಿಗೆ 60. ಈ ಗಡುವು ದಾಟಿದ ಮೇಲೆ ಸಪೋರ್ಟ್‌ನಲ್ಲಿ ಎಷ್ಟೇ ಒಳ್ಳೆಯವರು ಸಿಕ್ಕರೂ ಅವರ ಕೈ ಕಟ್ಟಿಹೋಗಿರುತ್ತದೆ. ಗ್ರಾಹಕರು ಸರಿಯಾಗಿ ತಿಳಿದುಕೊಳ್ಳದ ಸಂಗತಿ ಒಂದಿದೆ: ಟಿಕೆಟ್ (ಸಪೋರ್ಟ್‌ಗೆ ಬರೆದ ದೂರು) ಹಾಕಿದ್ದೇವೆ ಎಂಬ ಕಾರಣಕ್ಕೆ ಈ ದಿನಗಳ ಎಣಿಕೆ ನಿಲ್ಲುವುದಿಲ್ಲ. ಟಿಕೆಟ್ ವಾರಗಟ್ಟಲೆ ಆಚೀಚೆ ಓಡಾಡುತ್ತಿರುವಾಗಲೇ ಆ ಕಡೆ ಫೈಲ್ ಶಾಶ್ವತವಾಗಿ ಅಳಿಸಿಹೋಗುವುದನ್ನು ನೋಡಿದ್ದೇನೆ. ಆಮೇಲೆ ಕ್ಷಮೆ ಕೇಳುವ ಮೇಲ್ ಬರೆಯುವುದು ಬಿಟ್ಟರೆ ನಮಗೆ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಫೋಲ್ಡರನ್ನು ಕೊನೆಯ ಸಲ ಯಾವಾಗ ನೋಡಿದಿರಿ ಎಂಬುದನ್ನು ನೆನಪಿಸಿಕೊಂಡು, ನಿಮ್ಮ ಪ್ಲಾನ್‌ನ ಗಡುವು ಯಾವತ್ತು ಮುಗಿಯುತ್ತದೆ ಎಂದು ಲೆಕ್ಕ ಹಾಕಿ, ಆ ತಾರೀಖನ್ನು ಟಿಕೆಟ್‌ನ ಮೊದಲ ಸಾಲಿನಲ್ಲೇ ಬರೆಯಿರಿ.

ಈಗ ಮನುಷ್ಯರ ವಿಷಯ. ಟಿಕೆಟ್ ಓದುವವರ ಪರದೆಯ ಮೇಲೆ ಏನಿರುತ್ತದೆ ಅನ್ನುವುದು ಗೊತ್ತಾದರೆ ಹೇಗೆ ಬರೆಯಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ನಾನಿದ್ದಲ್ಲಿ ಗ್ರಾಹಕರ ಫೈಲ್‌ಗಳನ್ನು ತೆರೆಯಲು ನಮಗೆ ಅವಕಾಶವಿರಲಿಲ್ಲ, ಇರಬಾರದು ಕೂಡ. ಕಾಣುತ್ತಿದ್ದದ್ದು ಒಂದು ಉದ್ದನೆಯ ಪಟ್ಟಿ. ಒಂದೊಂದು ಸಾಲಿನಲ್ಲೂ ಸಮಯ, ಏನಾಯಿತು ಅನ್ನುವುದು (ಸೇರಿಸಿದ್ದು, ಹೆಸರು ಬದಲಿಸಿದ್ದು, ಜಾಗ ಬದಲಿಸಿದ್ದು, ಅಳಿಸಿದ್ದು), ಫೋಲ್ಡರ್‌ನ ಪೂರ್ತಿ ದಾರಿ, ಯಾವ ಸಾಧನ, ಯಾವ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ). ಚುರುಕಾಗಿ ಬಳಸುವ ಅಕೌಂಟ್‌ನಲ್ಲಿ ಇಂಥ ಸಾಲುಗಳು ಸಾವಿರಗಟ್ಟಲೆ. "ನನ್ನ ಫೈಲ್‌ಗಳೆಲ್ಲ ಹೋಗಿವೆ, ದಯವಿಟ್ಟು ಬೇಗ ನೋಡಿ" ಅಂತ ಬರೆದರೆ ಆ ಪಟ್ಟಿಯಲ್ಲಿ ಹುಡುಕುವುದಕ್ಕೆ ಒಂದು ಪದವೂ ಸಿಗುವುದಿಲ್ಲ. ಹುಡುಕಲು ಏನೂ ಸಿಗದಿದ್ದಾಗ ಕೈ ಸಿದ್ಧ ಉತ್ತರದ ಬಟನ್ ಕಡೆಗೇ ಹೋಗುತ್ತದೆ. ದಿನಕ್ಕೆ ಇಷ್ಟು ಟಿಕೆಟ್ ಮುಗಿಸಲೇಬೇಕು ಅನ್ನುವ ಲೆಕ್ಕ ತಲೆಯ ಮೇಲೆ ಇರುವಾಗ ಯಾರಾದರೂ ಮಾಡುವುದು ಅದನ್ನೇ.

ಹೀಗೆ ಬರೆದು ನೋಡಿ: "'ಕೆಲಸ / 2022 / ಕರಡುಗಳು' ಎಂಬ ಫೋಲ್ಡರ್ ಕಾಣುತ್ತಿಲ್ಲ. ಒಳಗೆ ಸುಮಾರು 400 ಫೈಲ್ ಇದ್ದವು, ಒಂದರ ಹೆಸರು 'ಅಂತಿಮ ವರದಿ 3'. ಈ ತಿಂಗಳ 4ರ ಸಂಜೆ ಲ್ಯಾಪ್‌ಟಾಪ್‌ನಲ್ಲಿ ತೆರೆದಿದ್ದೆ, 9ರ ಬೆಳಿಗ್ಗೆ ಇರಲಿಲ್ಲ. ಟ್ರ್ಯಾಶ್ ಅನ್ನು ಬ್ರೌಸರ್‌ನಲ್ಲಿ ನೋಡಿದೆ, ಅಲ್ಲಿಲ್ಲ. ಸಿಂಕ್ ನಿಲ್ಲಿಸಿದ್ದೇನೆ. ಈ ಎರಡು ತಾರೀಖಿನ ನಡುವೆ ಈ ದಾರಿಯಲ್ಲಿ ಅಳಿಸಿದ ಅಥವಾ ಜಾಗ ಬದಲಿಸಿದ ದಾಖಲೆ ಇದೆಯಾ? ಇದ್ದರೆ ಯಾವ ಸಾಧನದಿಂದ?" ಜೊತೆಗೆ ನಿಮ್ಮ ಟೈಮ್ ಝೋನ್ ಬರೆಯಿರಿ. ಲಾಗ್‌ಗಳು, ಅಂದರೆ ನಾನು ಮೇಲೆ ಹೇಳಿದಂಥ ಪಟ್ಟಿಗಳು, ಬಹುಮಟ್ಟಿಗೆ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯದಲ್ಲಿರುತ್ತವೆ. ನಿಮ್ಮ ಸಂಜೆ ಅವರ ಲಾಗ್‌ನಲ್ಲಿ ಮಧ್ಯಾಹ್ನವಾಗಿರಬಹುದು. ಕೊನೆಯ ಆ ಎರಡು ಪ್ರಶ್ನೆಗಳಿಗೆ ಸಿದ್ಧ ಉತ್ತರ ಇರುವುದಿಲ್ಲ. ಲಾಗ್ ತೆರೆದು ನೋಡಲೇಬೇಕು, ಇಲ್ಲವೇ ನೋಡಬಲ್ಲವರಿಗೆ ಟಿಕೆಟ್ ದಾಟಿಸಬೇಕು. ನಿಮಗೆ ಬೇಕಾಗಿರುವುದೂ ಅದೇ.

ಒಮ್ಮೆ ನನಗೆ ಬಂದ ಟಿಕೆಟ್ ಬೈಗುಳದಿಂದಲೇ ತುಂಬಿತ್ತು. ಕಂಪನಿಯೇ ಫೈಲ್ ಅಳಿಸಿದೆ ಅನ್ನುವುದು ಆಕೆಯ ವಾದ. ಪುಣ್ಯಕ್ಕೆ ಕೋಪದ ನಡುವೆಯೂ ಫೋಲ್ಡರ್‌ನ ಹೆಸರು ಬರೆದಿದ್ದರು. ಹುಡುಕಿದರೆ ಒಂದೇ ನಿಮಿಷದೊಳಗೆ ಅಷ್ಟೂ ಫೈಲ್ ಅಳಿಸಿದ ಸಾಲುಗಳು, ಎಲ್ಲವೂ ಒಂದೇ ಸಾಧನದಿಂದ. ಆ ಸಾಧನ ಅದಕ್ಕೂ ಮೊದಲು ತಿಂಗಳುಗಟ್ಟಲೆ ಆನ್ ಆಗಿರಲೇ ಇಲ್ಲ. ಸಾಧನದ ಹೆಸರು ಹೇಳಿ ಇದು ಯಾರದ್ದು ಎಂದು ಕೇಳಿದೆ. "ಅದು ನನ್ನ ಹಳೆಯ ಲ್ಯಾಪ್‌ಟಾಪ್, ಈಗ ತಮ್ಮನ ಹತ್ತಿರ ಇದೆ" ಅಂತ ಉತ್ತರ ಬಂತು. ಅವನು ಜಾಗ ಖಾಲಿ ಮಾಡಲು ಅಕ್ಕನ ಫೋಲ್ಡರ್ ಅಳಿಸಿದ್ದ. ಆ್ಯಪ್ ಇನ್ನೂ ಲಾಗಿನ್ ಆಗೇ ಇತ್ತು, ಅಳಿಸಿದ್ದನ್ನು ವಿಧೇಯತೆಯಿಂದ ಎಲ್ಲ ಕಡೆಗೂ ಮುಟ್ಟಿಸಿತು. ಗಡುವು ಇನ್ನೂ ಇದ್ದದ್ದರಿಂದ ಆ ಅಳಿಸುವಿಕೆಗಳನ್ನೆಲ್ಲ ನಮ್ಮ ಕಡೆಯಿಂದಲೇ ಒಟ್ಟಿಗೆ ಹಿಂತಿರುಗಿಸಿದೆವು. ಇಂಥ ಸಾಮೂಹಿಕ ರಿಸ್ಟೋರ್ ಎಷ್ಟೋ ಸೇವೆಗಳಲ್ಲಿ ಸಪೋರ್ಟ್ ಕೈಯಲ್ಲಿರುತ್ತದೆ, ಆದರೆ ಕೇಳದೆ ಯಾರೂ ಹೇಳುವುದಿಲ್ಲ. ಕೇಳಿ.

ಕಳೆದಿಲ್ಲದ್ದನ್ನು ಕಳೆದಿದೆ ಅಂದುಕೊಳ್ಳುವುದೂ ಬಹಳ. ಎರಡು ಮೇಲ್ ಐಡಿ ಇದ್ದು ಬೇರೆ ಅಕೌಂಟ್‌ನಲ್ಲಿ ಹುಡುಕುತ್ತಿರುತ್ತಾರೆ. ಇದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ, ನಗಬೇಡಿ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್‌ನ ಒನ್‌ಡ್ರೈವ್ ಬ್ಯಾಕಪ್ ಆಫ್ ಮಾಡಿದಾಗ ಡೆಸ್ಕ್‌ಟಾಪ್ ಖಾಲಿ ಕಾಣುವುದುಂಟು, ಫೈಲ್‌ಗಳು ಒನ್‌ಡ್ರೈವ್ ಫೋಲ್ಡರ್ ಒಳಗೆ ಹಾಗೇ ಇರುತ್ತವೆ. ಫೋಲ್ಡರ್ ಬೇರೆಯವರು ಹಂಚಿಕೊಂಡದ್ದಾಗಿದ್ದರೆ, ಅವರು ಅಳಿಸಿದಾಗ ಅದು ಅವರ ಟ್ರ್ಯಾಶ್‌ಗೆ ಹೋಗುತ್ತದೆ, ನಿಮ್ಮದಕ್ಕಲ್ಲ. ಆಗ ಸಪೋರ್ಟ್‌ಗಿಂತ ಆ ವ್ಯಕ್ತಿಗೆ ಒಂದು ಫೋನ್ ಮಾಡುವುದು ವಾಸಿ.

ಉತ್ತರ ಬರಲು ತಡವಾದರೆ ಹೊಸ ಟಿಕೆಟ್ ಹಾಕಬೇಡಿ. ಹೊಸದು ಸರದಿಯ ಕೊನೆಗೆ ಹೋಗುತ್ತದೆ, ಹಳೆಯದನ್ನು ಓದಿದವರಿಗೆ ಅದು ಕಾಣುವುದೂ ಇಲ್ಲ. ಹಳೆಯದಕ್ಕೇ ಉತ್ತರ ಬರೆದು, ಲಾಗ್ ನೋಡಬಲ್ಲ ಮುಂದಿನ ಹಂತದವರಿಗೆ ಕಳಿಸಿ ಎಂದು ನೇರವಾಗಿ ಕೇಳಿ. ದುಡ್ಡು ಕೊಡುವ ಪ್ಲಾನ್ ಆದರೆ ಚಾಟ್ ಇದೆಯಾ ನೋಡಿ. ಅದು ಎಷ್ಟೋ ಸಲ ಲಾಗಿನ್ ಆದ ಮೇಲೆ ಸಹಾಯ ಪುಟದ ತಳದಲ್ಲಷ್ಟೇ ಕಾಣಿಸುತ್ತದೆ.

ಆದರೆ ಸರ್ಚ್ ಮಾಡಿ ಸಿಕ್ಕ "ಕಸ್ಟಮರ್ ಕೇರ್ ನಂಬರ್"ಗೆ ಮಾತ್ರ ಕರೆ ಮಾಡಬೇಡಿ. ಇಂಥ ಸೇವೆಗಳಲ್ಲಿ, ಅದರಲ್ಲೂ ಉಚಿತ ಪ್ಲಾನ್‌ಗಳಿಗೆ, ಫೋನ್ ಸಪೋರ್ಟ್ ಇರುವುದೇ ಅಪರೂಪ. ಫೈಲ್ ಕಳೆದುಕೊಂಡು ಕಂಗಾಲಾದವರಿಗೆಂದೇ ಕಾದು ಕೂತ ಮೋಸಗಾರರ ನಂಬರ್‌ಗಳೇ ಹೆಚ್ಚು. ಓಟಿಪಿ ಕೇಳಿದರೆ, ಪಾಸ್‌ವರ್ಡ್ ಕೇಳಿದರೆ, ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಅಂದರೆ ಫೋನ್ ಇಟ್ಟುಬಿಡಿ. ಅಸಲಿ ಸಪೋರ್ಟ್ ಕೆಲವೊಮ್ಮೆ ಬ್ರೌಸರ್‌ನ ಹಾರ್ (HAR) ಫೈಲ್, ಅಂದರೆ ಬ್ರೌಸರ್ ಮತ್ತು ಸೈಟ್ ನಡುವೆ ಹೋಗಿ ಬಂದದ್ದರ ದಾಖಲೆ, ಕೇಳುತ್ತದೆ, ಅದು ಸಹಜವೇ. ಅದರೊಳಗೆ ನಿಮ್ಮ ಲಾಗಿನ್‌ನ ಕುಕೀ (ಪಾಸ್‌ವರ್ಡ್ ಇಲ್ಲದೆಯೂ ಅಕೌಂಟ್ ಒಳಗೆ ಬಿಡುವ ಗುರುತು) ಇರಬಹುದು ಅನ್ನುವುದು ನೆನಪಿರಲಿ. 2023ರಲ್ಲಿ, ಬೇರೆ ಕಂಪನಿಗಳಿಗೆ ಲಾಗಿನ್ ವ್ಯವಸ್ಥೆ ಒದಗಿಸುವ ಓಕ್ಟಾ ಕಂಪನಿಯ ಸಪೋರ್ಟ್ ವ್ಯವಸ್ಥೆಗೆ ನುಗ್ಗಿದವರು ಗ್ರಾಹಕರು ಕಳಿಸಿದ್ದ ಹಾರ್ ಫೈಲ್‌ಗಳಿಂದಲೇ ಇಂಥದ್ದೇ ಗುರುತುಗಳಾದ ಲಾಗಿನ್ ಟೋಕನ್ ಕದ್ದರು. ಕಳಿಸುವುದಾದರೆ ಟಿಕೆಟ್‌ನ ಅಧಿಕೃತ ಪುಟದಲ್ಲೇ ಕಳಿಸಿ, ಕಳಿಸಿದ ಮೇಲೆ ಬ್ರೌಸರ್‌ನಲ್ಲಿ ಲಾಗ್ ಔಟ್ ಆಗಿ. ನಾನು ಮೇಲೆ ಬೇಡ ಅಂದದ್ದು ಡೆಸ್ಕ್‌ಟಾಪ್ ಆ್ಯಪ್‌ನ ಲಾಗ್ ಔಟ್, ಇದು ಬೇರೆ.

ನಿಮ್ಮ ಸೇವೆ ಪೂರ್ತಿ ಎನ್‌ಕ್ರಿಪ್ಟ್ ಆದದ್ದೋ (ನಿಮ್ಮ ಕೀ ಇಲ್ಲದೆ ಕಂಪನಿಗೂ ಓದಲಾಗದಂತೆ ಫೈಲ್ ಇಡುವಂಥದ್ದೋ) ಅನ್ನುವುದು ಪ್ರಶ್ನೆಯಲ್ಲಿಲ್ಲ. ಮೆಗಾದಂಥ ಸೇವೆಗಳಲ್ಲಿ, ಅಥವಾ ಬ್ಯಾಕ್‌ಬ್ಲೇಜ್ ಎಂಬ ಬ್ಯಾಕಪ್ ಸೇವೆಯಲ್ಲಿ ಖಾಸಗಿ ಕೀ ಇಟ್ಟುಕೊಂಡಿದ್ದರೆ, ಕೀ ಕಳೆದಾಗ ಸಪೋರ್ಟ್‌ನವರಿಗೂ ಬಾಗಿಲು ತೆರೆಯಲು ಬರುವುದಿಲ್ಲ. ಅವರ ಹತ್ತಿರ ವಾದ ಮಾಡಿ ಸಮಯ ಕಳೆಯಬೇಡಿ.

ಇದು ಬ್ಯಾಕಪ್ ಅಲ್ಲವಾ, ಹೋಗಿದ್ದಾದರೂ ಹೇಗೆ ಅಂತಲೂ ಕೇಳಿದ್ದೀರಿ. ಹೆಚ್ಚಿನವರ ಹತ್ತಿರ ಇರುವುದು ಸಿಂಕ್ ಮಾತ್ರ. ಸಿಂಕ್ ಒಂದು ಕಡೆ ಆದದ್ದನ್ನು ಇನ್ನೊಂದು ಕಡೆಯೂ ಮಾಡುತ್ತದೆ, ಅಳಿಸುವುದನ್ನೂ ಸೇರಿಸಿ. ಬ್ಯಾಕಪ್ ಅಂದರೆ ಅಳಿಸಿದ್ದು ದಾಟಿ ಹೋಗದ ಬೇರೆ ಪ್ರತಿ. ಆನ್‌ಲೈನ್ ಬ್ಯಾಕಪ್ ಸೇವೆಯಾದರೆ ಅದರಲ್ಲೂ ಷರತ್ತು ಓದಿಕೊಳ್ಳಬೇಕು: ಎಕ್ಸ್‌ಟರ್ನಲ್ ಡಿಸ್ಕನ್ನು ಎಷ್ಟು ದಿನ ಜೋಡಿಸದಿದ್ದರೆ ಪ್ರತಿ ತೆಗೆದುಹಾಕುತ್ತಾರೆ, ಹಳೆಯ ಆವೃತ್ತಿಗಳನ್ನು ಎಷ್ಟು ದಿನ ಇಡುತ್ತಾರೆ, ಅಷ್ಟು ಸಾಕು. ಮೊದಲ ಬ್ಯಾಕಪ್ ತೆವಳುತ್ತದೆ ಎಂದು ಟಿಕೆಟ್ ಹಾಕುವ ಮುನ್ನ ಒಂದು ಲೆಕ್ಕ ನೋಡಿ: ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 1 ಟೆರಾಬೈಟ್ ಹೋಗಲು ಬಿಡದೆ ಓಡಿದರೂ 9 ದಿನಕ್ಕಿಂತ ಹೆಚ್ಚು ಬೇಕು.

ಕೊನೆಗೆ, ಗಡುವು ಮುಗಿದಿದೆ, ಸರ್ವರ್‌ನಲ್ಲಿ ಏನೂ ಉಳಿದಿಲ್ಲ ಎಂಬ ಉತ್ತರವೇ ಬಂದರೆ ಒಂದು ಕೆಲಸ ಬಾಕಿ ಇರುತ್ತದೆ. ಈ ಅಕೌಂಟ್‌ಗೆ ಎಂದೋ ಜೋಡಿಸಿದ್ದ ಹಳೆಯ ಕಂಪ್ಯೂಟರ್ ಯಾವುದಾದರೂ ಮೂಲೆಯಲ್ಲಿದ್ದು, ಫೋಲ್ಡರ್ ಮಾಯವಾದ ಮೇಲೆ ಆನ್ ಆಗಿಲ್ಲದಿದ್ದರೆ, ಅದರಲ್ಲಿ ನಿಮ್ಮ ಫೈಲ್‌ಗಳು ಇನ್ನೂ ಇರಬಹುದು. ಆನ್ ಮಾಡುವ ಮೊದಲು ವೈಫೈ ರೂಟರ್ ಆಫ್ ಮಾಡಿ, ನೆಟ್‌ವರ್ಕ್ ಕೇಬಲ್ ಇದ್ದರೆ ಕಿತ್ತಿಡಿ. ನೆಟ್ ಸಿಕ್ಕ ಕೂಡಲೇ ಆ್ಯಪ್ ಅಳಿಸುವ ಕೆಲಸ ಶುರುಮಾಡುತ್ತದೆ. ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು, ಪೆನ್‌ಡ್ರೈವ್ ತೆಗೆದ ಮೇಲೆಯೇ ರೂಟರ್ ಆನ್ ಮಾಡಿ.