ಕಾರವಾರದಲ್ಲಿ ಒಂದು ಬೆಳಗ್ಗೆ ಮಾತ್ರ ಬಿಡುವಿದೆ, ಹಕ್ಕಿ ಫೋಟೋಗೆ ಯಾವ ಪಾರ್ಕಿಗೆ, ಎಷ್ಟು ಗಂಟೆಗೆ ಹೋಗಲಿ?

ಡಿಸೆಂಬರ್‌ನಲ್ಲಿ ಮದುವೆಗೆ ಬರ್ತಿದ್ದೀರಿ, ಕೈಯಲ್ಲಿರುವುದು 70-300 ಎಂಎಂ ಜೂಮ್ ಲೆನ್ಸ್ ಅಂದಿದ್ದೀರಿ. ಜಾಗ ಹೇಳುವುದು ಸುಲಭ: ಕೋಡಿಬಾಗ. ಕಾಳಿ ನದಿ ಸಮುದ್ರ ಸೇರುವ ಕಡೆ, ಸೇತುವೆಯ ಹತ್ತಿರ ರಿವರ್ ಗಾರ್ಡನ್ ಇದೆ. ಗಂಟೆ ಮಾತ್ರ ಹೇಳೋದು ಕಷ್ಟ, ಅದನ್ನು ನೀರು ತೀರ್ಮಾನಿಸುತ್ತದೆ.

ಇಲ್ಲಿನ ಹಕ್ಕಿಗಳು ಉಬ್ಬರ-ಇಳಿತ ನೋಡಿಕೊಂಡು ಊಟಕ್ಕೆ ಬರುತ್ತವೆ. ನೀರು ಪೂರ್ತಿ ಇಳಿದಾಗ ಕೆಸರು ಬಯಲಾಗುತ್ತದೆ, ಹಕ್ಕಿಗಳೇನೋ ಬೇಕಾದಷ್ಟು, ಆದರೆ ಎಲ್ಲವೂ ದೂರ. 300ರಲ್ಲಿ ಚುಕ್ಕೆಗಳು ಸಿಗುತ್ತವೆ ಅಷ್ಟೇ. ನೀರು ತುಂಬಿದಾಗ ಕೆಸರೇ ಇರುವುದಿಲ್ಲ. ನಿಮಗೆ ಬೇಕಾದದ್ದು ಇವೆರಡರ ನಡುವೆ, ನೀರು ಏರುತ್ತಾ ಇರುವ ಹೊತ್ತು. ಸ್ಯಾಂಡ್‌ಪೈಪರ್, ಪ್ಲೋವರ್‌ಗಳಂಥ ಕೆಸರಿನಲ್ಲಿ ಮೇಯುವ ಹಕ್ಕಿಗಳನ್ನು ನೀರೇ ಸ್ವಲ್ಪ ಸ್ವಲ್ಪ ನಿಮ್ಮ ಕಡೆ ತಳ್ಳಿಕೊಂಡು ಬರುತ್ತದೆ. ನೀವು ಅವುಗಳ ಹಿಂದೆ ಹೋಗಬೇಡಿ, ಒಂದು ಕಡೆ ಕೂತುಬಿಡಿ.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೊಬೈಲಿನಲ್ಲಿ ಕಾರವಾರದ ಟೈಡ್ ಟೇಬಲ್ (ಉಬ್ಬರ-ಇಳಿತದ ವೇಳಾಪಟ್ಟಿ) ನೋಡಿ, ಇಲ್ಲವೇ ದಡದಲ್ಲಿ ಬಲೆ ಬಿಡಿಸುತ್ತಾ ಕೂತವರನ್ನು ಕೇಳಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದಿನ ಸಿಕ್ಕರೆ ನಿಮ್ಮ ಅದೃಷ್ಟ: ಸಾಮಾನ್ಯವಾಗಿ ನಸುಕಿನಲ್ಲೇ ಇಳಿತ ಮುಗಿದಿರುತ್ತದೆ, ಬೆಳಗ್ಗೆಯಿಡೀ ಏರುವ ನೀರು.

ಬೆಳಕಿಗೂ ಇದು ಒಳ್ಳೆಯ ಜಾಗ. ದಕ್ಷಿಣ ದಡದಲ್ಲಿ ನಿಂತು ನದಿಯಾಚೆಯ ಸದಾಶಿವಗಡದ ಕಡೆ ಮುಖ ಮಾಡಿದರೆ, ಚಳಿಗಾಲದ ಸೂರ್ಯ ನಿಮ್ಮ ಬಲಬೆನ್ನಿನ ಕಡೆಯಿಂದ ಬರುತ್ತಾನೆ.

ಒಂದೇ ಹಕ್ಕಿ ಆರಿಸು ಅಂದರೆ ನಾನು ರೀಫ್ ಹೆರಾನ್ ಎಂಬ ಬಕ ಅನ್ನುತ್ತೇನೆ. ಮಿಂಚುಳ್ಳಿ ನಿಮ್ಮ ಊರಲ್ಲೂ ಸಿಗುತ್ತೆ, ಅಲ್ವಾ? ರೀಫ್ ಹೆರಾನ್ ಕರಾವಳಿಯದು. ಬೂದುಗಪ್ಪು ಮೈ, ಗಂಟಲು ಮಾತ್ರ ಬಿಳಿ, ಪಾದ ಹಳದಿ. ಬೆಳ್ಳಕ್ಕಿಯ ಹಾಗೆ ತಪಸ್ಸಿಗೆ ನಿಲ್ಲುವ ಜಾತಿಯಲ್ಲ. ಕಾಲು ಮುಳುಗುವಷ್ಟು ನೀರಿನಲ್ಲಿ ರೆಕ್ಕೆ ಅರ್ಧ ಬಿಚ್ಚಿ ಎಡಕ್ಕೆ ಓಡುತ್ತದೆ, ಗಕ್ಕನೆ ತಿರುಗುತ್ತದೆ, ಮತ್ತೆ ಬಲಕ್ಕೆ. ನೋಡುವವರಿಗೆ ಕುಡಿದವನ ಕುಣಿತ. ಆಮೇಲೆ ಕತ್ತು ಹಿಂದಕ್ಕೆ ಎಳೆದು ಒಂದು ಕ್ಷಣ ತಡೆಯುತ್ತದೆ ನೋಡಿ, ಆಗ ಬರ್ಸ್ಟ್ (ಒಂದರ ಹಿಂದೊಂದು ಫೋಟೋ) ಶುರು ಮಾಡಿ. ಕೊಕ್ಕು ನೀರಿಗೆ ಬಿದ್ದ ಮೇಲೆ ಒತ್ತಿದರೆ ತಡವಾಯಿತು. ಶಟರ್ 1/1600 ಸೆಕೆಂಡ್ ಇರಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಜಾಸ್ತಿಯಾದರೂ ತಲೆ ಕೆಡಿಸಿಕೊಳ್ಳಬೇಡಿ. ಬೆಳ್ಳಕ್ಕಿ ತೆಗೆಯುವಾಗ ಮಾತ್ರ ಎಕ್ಸ್‌ಪೋಷರ್ ಸ್ವಲ್ಪ ಮೈನಸ್ ಮಾಡಿ, ಇಲ್ಲದಿದ್ದರೆ ಕಪ್ಪು ಕೆಸರಿನ ಎದುರು ಬಿಳಿ ಗರಿ ಸುಣ್ಣ ಬಳಿದಂತೆ ಬರುತ್ತದೆ.

ಪಾರ್ಕಿನೊಳಗೆ ಸೂರಕ್ಕಿ, ಪಿಕಳಾರ, ಮಡಿವಾಳ ಹಕ್ಕಿಗಳು ಇರುತ್ತವೆ. ನೀರು ತುಂಬಿದ ಮೇಲೆ ಸುಮ್ನೆ ಒಂದು ಸುತ್ತು ಹಾಕಿ. ಹತ್ತಿರದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಬೋರ್ಡ್‌ವಾಕ್, ಅಂದರೆ ನಡೆದಾಡುವ ಅಟ್ಟಣಿಗೆ ಇದೆ, ತೆರೆಯುವ ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಒಳಗೆ ಬೆಳಕು ಕಡಿಮೆ, ಹಕ್ಕಿಗಿಂತ ಏಡಿಗಳ ಫೋಟೋ ಚೆನ್ನಾಗಿ ಬರುತ್ತದೆ. ಒಂದೇ ದೊಡ್ಡ ಇಕ್ಕಳಗೈ ಇರುವ ಏಡಿ ಅದನ್ನು ಮೇಲೆ ಕೆಳಗೆ ಬೀಸುತ್ತಾ ನಿಂತಿರುತ್ತದೆ.

ಇನ್ನೂ ಟೈಮಿದ್ದರೆ ಬೈತಖೋಲ್ ಬಂದರು. ದೋಣಿ ಬಂದಾಗ ತಲೆಯ ಮೇಲೇ ಗರುಡಗಳು, ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆ. 300 ಲೆನ್ಸ್ ಧಾರಾಳ ಸಾಕು. ಆದರೆ ಇದು ನೌಕಾನೆಲೆ ಇರುವ ಊರು. ನೌಕಾಪಡೆಯ ಜಾಗ, ಹಡಗುಗಳ ಕಡೆ ಲೆನ್ಸ್ ತಿರುಗಿಸಬೇಡಿ, ಡ್ರೋನ್ ತರಲೇಬೇಡಿ.

ಮದುವೆ ಮಳೆಗಾಲಕ್ಕೇನಾದರೂ ಮುಂದೆ ಹೋದರೆ ಈ ಪ್ಲಾನ್ ಬಿಡಿ. ಆಗ ವಲಸೆ ಹಕ್ಕಿಗಳೂ ಇರುವುದಿಲ್ಲ, ಮಳೆಯೂ ಬಿಡುವುದಿಲ್ಲ. ಘಟ್ಟ ಹತ್ತಿ ಶಿರಸಿ ಹತ್ತಿರದ ಸೋಂದಾಕ್ಕೆ ಹೋಗಿ. ಅಲ್ಲಿನ ಮುಂಡಿಗೆಕೆರೆಯಲ್ಲಿ ಕೇದಗೆ ಜಾತಿಯ ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ. ಕೊಡೆ, ಲೆನ್ಸಿಗೊಂದು ಪ್ಲಾಸ್ಟಿಕ್ ಕವರ್ ಮರೆಯಬೇಡಿ.