ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ) ಗೇಮ್‌ನಲ್ಲಿ ನಮ್ಮ ಪಾತ್ರ ನಿಜವಾದ ಮನುಷ್ಯನ ಹಾಗೆ ಅನ್ನಿಸಬೇಕಾದರೆ ಏನು ಮಾಡಬೇಕು?

ಮೊದಲು ಪಾತ್ರಕ್ಕೊಂದು ಕಸುಬು ಕೊಡಿ, ಆಯುಧ ಆಮೇಲೆ. ಸ್ಕೈರಿಮ್ ಎಂಬ ಗೇಮ್‌ನಲ್ಲಿ (2011) ನನ್ನ ಪಾತ್ರ ಸಾಗರದ ಕಡೆಯ ಕೊನೆಗೌಡ, ಅಂದರೆ ಅಡಿಕೆ ಕೊನೆ ಕೊಯ್ಯುವವನು. ಅಡಿಕೆ ಮರ ಹತ್ತಿ ಬೆಳೆದವನು, ಹಾಗಾಗಿ ಕಬ್ಬಿಣದ ಕವಚ ಮುಟ್ಟುವುದಿಲ್ಲ, ಹಗುರಾದ ಚರ್ಮದ್ದೇ ಸಾಕು. ಮಳೆ ಎಷ್ಟಾದರೂ ತಡೆಯುತ್ತಾನೆ, ಆದರೆ ಹಿಮ ಕಂಡವನಲ್ಲ. ಗೇಮ್‌ನ ಹಿಮದೂರು ವಿಂಟರ್‌ಹೋಲ್ಡ್ ಕಡೆ ಕೆಲಸ ಬಂದರೆ ನಾಲ್ಕು ಸಲ ಯೋಚಿಸುತ್ತಾನೆ. ಇಂಥ ಮಿತಿಗಳಿಂದಲೇ ಪಾತ್ರಕ್ಕೆ ಜೀವ ಬರೋದು, ಅಲ್ವಾ?

ಜೊತೆಗೆ ಸರ್ವೈವಲ್ ಮೋಡ್ ಆನ್ ಮಾಡಿ. ಹಸಿವು, ಚಳಿ, ಆಯಾಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಫಾಸ್ಟ್ ಟ್ರಾವೆಲ್ (ನಕ್ಷೆಯಲ್ಲಿ ಒತ್ತಿ ಕ್ಷಣದಲ್ಲಿ ಊರು ಸೇರುವುದು) ಇರುವುದಿಲ್ಲ, ಮಲಗಿದರೆ ಮಾತ್ರ ಲೆವೆಲ್ ಏರುತ್ತದೆ. ಸುಮ್ನೆ ಓಡಬೇಡಿ, ನಡೆಯಿರಿ. ಮಾತುಕತೆಯಲ್ಲಿ ಲಾಭ ಜಾಸ್ತಿ ಇರುವ ಸಾಲು ಬಿಟ್ಟು, ನಿಮ್ಮ ಪಾತ್ರ ಆಡುವಂಥ ಮಾತನ್ನೇ ಆರಿಸಿ. ಒಂದೆರಡು ಕ್ವೆಸ್ಟ್ (ಗೇಮ್ ಕೊಡುವ ಕೆಲಸ) ಕೈತಪ್ಪಿದರೂ ಪರವಾಗಿಲ್ಲ.